ಬೆರೆಯದ ಪ್ಲಾಸ್ಟಿಕ್‌ಗಳನ್ನು ಬೆಸೆಯುವ ಬಗೆ

ಖಾಲಿ ನೀರಿನ ಬಾಟಲಿಯನ್ನು ಮುಚ್ಚಳದ ಸಮೇತ ಚೂರು ಮಾಡಿ ನೀರು ತುಂಬಿದ ತೊಟ್ಟಿಗೆ ಸುರಿದರೆ ಅದು ತಾನಾಗಿಯೇ ಎರಡು ಪಾಲಾಗುತ್ತದೆ. ಬಾಟಲಿಯ ಪೆಟ್ ಚೂರುಗಳು ಮುಳುಗುತ್ತವೆ, ಮುಚ್ಚಳದ ಚೂರುಗಳು ತೇಲುತ್ತವೆ. ಪೆಟ್‌ನ ಸಾಂದ್ರತೆ ಸುಮಾರು 1.38, ನೀರಿಗಿಂತ ಹೆಚ್ಚು. ಗುಜರಿ ಪ್ಲಾಸ್ಟಿಕ್ಕನ್ನು ಮರುಬಳಕೆಗೆ ಸಿದ್ಧಮಾಡುವವರಿಗೆ ಇದು ದೊಡ್ಡ ಅನುಕೂಲ. ತೊಂದರೆ ಇರುವುದು ತೇಲಿದ ಪಾಲಿನಲ್ಲಿ. ಹಾಲಿನ ಕವರು, ಕ್ಯಾರಿಬ್ಯಾಗು, ಶಾಂಪೂ ಬಾಟಲಿಗಳ ಪಾಲಿಥಿನ್ ತೇಲುತ್ತದೆ. ಹೆಣೆದ ಸಿಮೆಂಟು ಚೀಲ, ಪ್ಲಾಸ್ಟಿಕ್ ಕುರ್ಚಿ, ಊಟದ ಪಾರ್ಸೆಲ್ ಡಬ್ಬಿಗಳ ಪಾಲಿಪ್ರೊಪಿಲೀನೂ ತೇಲುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ತಯಾರಾಗುವ ಪ್ಲಾಸ್ಟಿಕ್‌ಗಳು ಇವೆರಡು.

ಹಾಗಿದ್ದರೆ ಎರಡನ್ನೂ ಒಟ್ಟಿಗೆ ಕರಗಿಸಿ ಅಚ್ಚು ಹೊಯ್ದರೆ ಆಗದೇ? ಎರಡರಲ್ಲೂ ಇರುವುದು ಇಂಗಾಲ ಮತ್ತು ಜಲಜನಕ ಮಾತ್ರ. ಪಾಲಿಪ್ರೊಪಿಲೀನ್ ಸರಪಳಿಯಲ್ಲಿ ಒಂದು ಬಿಟ್ಟು ಒಂದು ಇಂಗಾಲಕ್ಕೆ ಪುಟ್ಟದೊಂದು ಮೀಥೈಲ್ ಗುಂಪು ಅಂಟಿಕೊಂಡಿರುತ್ತದೆ, ವ್ಯತ್ಯಾಸ ಅಷ್ಟೇ. ಆದರೂ ಅವು ಬೆರೆಯುವುದಿಲ್ಲ. ಬಂದ ವಸ್ತು ನೋಡಲು ಒಂದೇ ಮುದ್ದೆಯಂತಿದ್ದರೂ ಎಳೆದರೆ ಪಟ್ಟನೆ ತುಂಡಾಗುತ್ತದೆ. ಎರಡು ಒಳ್ಳೆಯ ಪ್ಲಾಸ್ಟಿಕ್‌ಗಳಿಂದ ಒಂದು ಕೆಟ್ಟ ಪ್ಲಾಸ್ಟಿಕ್ ಹುಟ್ಟುತ್ತದೆ.

ಇದರ ಕಾರಣವನ್ನು 1940ರ ದಶಕದ ಆರಂಭದಲ್ಲಿ ಪಾಲ್ ಫ್ಲೋರಿ ಮತ್ತು ಮಾರಿಸ್ ಹಗಿನ್ಸ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು ಬೇರೆ ಬೇರೆಯಾಗಿ ಲೆಕ್ಕ ಹಾಕಿದರು. ಬಿಡಿ ಸೇವಂತಿಗೆಯನ್ನೂ ಬಿಡಿ ಕನಕಾಂಬರವನ್ನೂ ಬುಟ್ಟಿಗೆ ಹಾಕಿ ಕುಲುಕಿದರೆ ಬೇಗ ಬೆರೆಯುತ್ತವೆ, ಏಕೆಂದರೆ ಬೆರೆತು ಕೂರುವ ಬಗೆಗಳು ಲೆಕ್ಕವಿಲ್ಲದಷ್ಟಿವೆ. ಅವೇ ಹೂಗಳನ್ನು ಮಾರುಗಟ್ಟಲೆ ಉದ್ದದ ಮಾಲೆ ಕಟ್ಟಿ ಹಾಕಿದರೆ ಒಂದೊಂದು ಹೂವಿಗೂ ಇದ್ದ ಆ ಸ್ವಾತಂತ್ರ್ಯ ಹೋಗುತ್ತದೆ. ಉದ್ದ ಸರಪಳಿಯಂಥ ಅಣುಗಳಾದ ಪಾಲಿಮರುಗಳ ಕಥೆಯೂ ಇದೇ. ಸಾಮಾನ್ಯ ದ್ರವಗಳಲ್ಲಿ ಅಣುಗಳ ನಡುವೆ ಸ್ವಲ್ಪ ಅಸಮಾಧಾನವಿದ್ದರೂ ಬೆರೆಯುವುದರಿಂದ ಸಿಗುವ ಲಾಭ ಅದನ್ನು ಮೀರುತ್ತದೆ. ಸಾವಿರ ಕೊಂಡಿಗಳ ಸರಪಳಿಯಾದರೆ ಆ ಲಾಭ ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ಆಗ ಕೊಂಡಿ ಕೊಂಡಿಗಳ ನಡುವೆ ಲೇಶಮಾತ್ರ ಒಲ್ಲದಿಕೆ ಇದ್ದರೂ ಸಾಕು, ಎರಡೂ ದೂರ ಸರಿಯುತ್ತವೆ. ಮೀಥೈಲ್ ಗುಂಪಿನಷ್ಟು ಸಣ್ಣ ವ್ಯತ್ಯಾಸ ದೊಡ್ಡದಾಗುವುದು ಹೀಗೆ. ಮನಃಪೂರ್ವಕವಾಗಿ ಬೆರೆಯುವ ಜೋಡಿಗಳು ಇಲ್ಲವೆಂದಲ್ಲ. ಪಾಲಿಸ್ಟೈರೀನ್ ಮತ್ತು ಪಿಪಿಒ ಎಂಬ ಪ್ಲಾಸ್ಟಿಕ್‌ಗಳ ಜೋಡಿ ಪ್ರಸಿದ್ಧ. ಆದರೆ ಅಂಥವು ಬೆರಳೆಣಿಕೆಯಷ್ಟು.

ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಸಂಪೂರ್ಣ ಬೆರೆಸುವ ಹಟವನ್ನು ಬಹಳ ಹಿಂದೆಯೇ ಬಿಟ್ಟರು. ಅವರಿಗೆ ಬೇಕಾದುದು ಎರಡೇ: ಒಂದು ಪ್ಲಾಸ್ಟಿಕ್ ಇನ್ನೊಂದರೊಳಗೆ ಬಹಳ ಸಣ್ಣ ಹನಿಗಳಾಗಿ ಹರಡಬೇಕು, ಮತ್ತು ಹನಿಯ ಅಂಚು ಗಟ್ಟಿಯಾಗಿ ಕಚ್ಚಿಕೊಳ್ಳಬೇಕು. ಫ್ರಿಜ್ಜಿನ ಒಳಗೋಡೆಗೆ ಬಳಸುವ ಗಟ್ಟಿ ಪಾಲಿಸ್ಟೈರೀನ್ ಇಂಥದ್ದೇ. ಬರಿಯ ಪಾಲಿಸ್ಟೈರೀನ್ ಗಾಜಿನಂತೆ ಒಡೆಯುತ್ತದೆ. ಅದರೊಳಗೆ ಕೂತ ರಬ್ಬರಿನ ಕಣಗಳು ಪೆಟ್ಟನ್ನು ನುಂಗುತ್ತವೆ. ರಬ್ಬರು ಅದರಲ್ಲಿ ಬೆರೆತಿಲ್ಲ. ಪೂರ್ತಿ ಬೆರೆತಿದ್ದರೆ ಈ ಉಪಯೋಗವೇ ಇರುತ್ತಿರಲಿಲ್ಲ.

ಹನಿ ಒಡೆಯುವ ಕೆಲಸ ಎರಡು ಸ್ಕ್ರೂಗಳ ಎಕ್ಸ್‌ಟ್ರೂಡರಿನದು. ಜರ್ಮನಿಯ ಬಾಯರ್ ಕಂಪನಿಯಲ್ಲಿದ್ದ ರುಡಾಲ್ಫ್ ಎರ್ಡ್‌ಮೆಂಗರ್ ರೂಪಿಸಿದ ವಿನ್ಯಾಸ ಇದು. 1950ರ ದಶಕದಲ್ಲಿ ಸ್ಟುಟ್‌ಗಾರ್ಟಿನ ವೆರ್ನರ್ ಮತ್ತು ಫ್ಲೈಡರರ್ ಕಂಪನಿ ಯಂತ್ರವಾಗಿ ಮಾರುಕಟ್ಟೆಗೆ ತಂದಿತು. ಬಿಸಿ ಬ್ಯಾರೆಲಿನೊಳಗೆ ಒಂದಕ್ಕೊಂದು ಹೆಣೆದುಕೊಂಡ ಎರಡು ಉದ್ದ ಸ್ಕ್ರೂಗಳು ಒಂದೇ ದಿಕ್ಕಿಗೆ ತಿರುಗುತ್ತವೆ, ಒಂದರ ಮೈಯನ್ನು ಇನ್ನೊಂದು ಸವರಿ ತೆಗೆಯುತ್ತದೆ. ಹಾಪರ್ ಎಂಬ ಆಲಿಕೆಯಿಂದ ಬಿದ್ದ ಗ್ರಾನ್ಯೂಲು, ಅಂದರೆ ಪ್ಲಾಸ್ಟಿಕ್ ಕಾಳು, ಕರಗುತ್ತ ಮುಂದೆ ಸಾಗುತ್ತದೆ. ನಡುನಡುವೆ ಸ್ಕ್ರೂವಿನ ಎಳೆಗಳ ಬದಲು ಓರೆಯಾಗಿ ಜೋಡಿಸಿದ ದಪ್ಪ ಬಿಲ್ಲೆಗಳಿವೆ. ನಾದುವುದು ಅವುಗಳ ಪಾಲು. ಕೊನೆಗೆ ಬ್ಯಾರೆಲಿನ ತುದಿಯ ಅಚ್ಚಾದ ಡೈನ ತೂತಿನಿಂದ ಎಳೆಗಳಾಗಿ ಹೊರಬಂದ ಪ್ಲಾಸ್ಟಿಕ್ಕನ್ನು ನೀರಲ್ಲಿ ತಣಿಸಿ ಮತ್ತೆ ಗ್ರಾನ್ಯೂಲಾಗಿ ಕತ್ತರಿಸುತ್ತಾರೆ.

ಎಷ್ಟು ನಾದಿದರೂ ಯಂತ್ರಕ್ಕೊಂದು ಮಿತಿಯಿದೆ. ಹನಿಯ ದ್ರವ ಸುತ್ತಲಿನದಕ್ಕಿಂತ ಸುಮಾರು ನಾಲ್ಕು ಪಟ್ಟಿಗಿಂತ ಹೆಚ್ಚು ಮಂದವಾಗಿದ್ದರೆ, ಪಕ್ಕಕ್ಕೆ ಉಜ್ಜುವ ಹರಿವು ಎಷ್ಟೇ ಜೋರಾಗಿದ್ದರೂ ಹನಿ ಉರುಳುತ್ತದೆಯೇ ಹೊರತು ಒಡೆಯುವುದಿಲ್ಲ. ಒಡೆದ ಹನಿಗಳ ಪಾಡೂ ಅಷ್ಟಕ್ಕಷ್ಟೇ. ಡೈ ದಾಟುವ ಮುನ್ನವೇ ಅವು ಮತ್ತೆ ಒಂದಾಗತೊಡಗುತ್ತವೆ. ಅಚ್ಚು ಹೊಯ್ಯಲು ಇನ್ನೊಮ್ಮೆ ಕರಗಿಸಿದಾಗ ಇನ್ನಷ್ಟು ದಪ್ಪವಾಗುತ್ತವೆ. ಇಲ್ಲಿ ಕಂಪ್ಯಾಟಿಬಿಲೈಸರ್ ಬೇಕು. ಅದರ ಅಣುವಿನ ಒಂದು ತುದಿ ಈ ಪ್ಲಾಸ್ಟಿಕ್ಕಿನ ಜಾತಿ, ಮತ್ತೊಂದು ತುದಿ ಆ ಪ್ಲಾಸ್ಟಿಕ್ಕಿನ ಜಾತಿ. ಅದು ಗಡಿಯಲ್ಲೇ ನಿಂತು ಹನಿಗಳು ಕೂಡದಂತೆ ತಡೆಯುತ್ತದೆ, ಎರಡೂ ಕಡೆಯ ಸರಪಳಿಗಳೊಳಗೆ ಸಿಕ್ಕಿಕೊಂಡು ಅಂಚನ್ನು ಹಿಡಿದಿಡುತ್ತದೆ. ಇಂಥ ಅಣುವನ್ನು ಕೆಲವೊಮ್ಮೆ ಬ್ಯಾರೆಲಿನೊಳಗೇ ಹುಟ್ಟಿಸಬಹುದು. ಪಾಲಿಪ್ರೊಪಿಲೀನಿಗೆ ಮೊದಲೇ ಸ್ವಲ್ಪ ಮೆಲೆಯಿಕ್ ಅನ್‌ಹೈಡ್ರೈಡ್ ಕಸಿ ಮಾಡಿಟ್ಟರೆ, ನೈಲಾನ್ ಸರಪಳಿಯ ತುದಿಯ ಅಮೈನ್ ಗುಂಪು ಅದರೊಡನೆ ರಾಸಾಯನಿಕ ಬಂಧ ಕಟ್ಟಿಕೊಳ್ಳುತ್ತದೆ. ಸ್ಕ್ರೂ ದಾಟುವ ಒಂದೆರಡು ನಿಮಿಷದಲ್ಲಿ ಮದುವೆ ಮುಗಿದಿರುತ್ತದೆ. ಸುತ್ತಿಗೆ ಏಟಿಗೂ ಜಗ್ಗದ ನೈಲಾನುಗಳು ಬಂದದ್ದು ಇದೇ ಉಪಾಯದಿಂದ, ಅಲ್ಲಿ ಕಸಿಯಾದದ್ದು ರಬ್ಬರಿಗೆ.

ಪಾಲಿಥಿನ್ ಮತ್ತು ಪಾಲಿಪ್ರೊಪಿಲೀನಿಗೆ ಈ ದಾರಿ ಇಲ್ಲ. ಹಿಡಿದುಕೊಳ್ಳಲು ಅವುಗಳ ಮೈಯಲ್ಲಿ ಅಮೈನೂ ಇಲ್ಲ, ಆಮ್ಲವೂ ಇಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೆಫ್ರಿ ಕೋಟ್ಸ್ ಮತ್ತು ಮಿನೆಸೋಟ ವಿಶ್ವವಿದ್ಯಾಲಯದ ಫ್ರಾಂಕ್ ಬೇಟ್ಸ್ ತಂಡಗಳು 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಉತ್ತರ ಕೊಟ್ಟವು. ಹ್ಯಾಫ್ನಿಯಂ ಲೋಹದ ವೇಗವರ್ಧಕ ಬಳಸಿ, ಎಥಿಲೀನ್ ಮತ್ತು ಪ್ರೊಪಿಲೀನನ್ನು ಸರದಿಯಂತೆ ಉಣಿಸಿ, ಎರಡೆರಡು ತುಂಡು ಪಾಲಿಥಿನ್ ಹಾಗೂ ಪಾಲಿಪ್ರೊಪಿಲೀನ್ ಒಂದರ ನಂತರ ಒಂದಾಗಿ ಬರುವ ನಾಲ್ಕು ಖಂಡಗಳ ಸರಪಳಿಯನ್ನು ಬೆಳೆಸಿದರು. 70 ಪಾಲು ಪಾಲಿಥಿನ್, 30 ಪಾಲು ಪಾಲಿಪ್ರೊಪಿಲೀನಿನ ಮಿಶ್ರಣಕ್ಕೆ ಇದನ್ನು ಶೇ. 1ರಷ್ಟು ಸೇರಿಸಿದ್ದೇ ತಡ, ಮೊದಲು ಪಟ್ಟನೆ ತುಂಡಾಗುತ್ತಿದ್ದ ವಸ್ತು ತನ್ನ ಉದ್ದದ ಹಲವು ಪಟ್ಟು ಹಿಗ್ಗಿತು.

ಸೊಗಸಾದ ಕೆಲಸ, ಆದರೆ ಅಗ್ಗದ್ದಲ್ಲ. ಮಾಮೂಲಿ ಪಾಲಿಥಿನ್ ಕಾರ್ಖಾನೆಯಲ್ಲಿ ವೇಗವರ್ಧಕದ ಒಂದು ಅಣು ಸರಪಳಿಯ ಮೇಲೆ ಸರಪಳಿ ಹೆಣೆಯುತ್ತ ಹೋಗುತ್ತದೆ. ಈ ವಿಧಾನದಲ್ಲಿ ಒಂದು ಅಣುವಿಗೆ ಬಹುತೇಕ ಒಂದೇ ಸರಪಳಿ. ಶೇ. 1 ಎನ್ನುವ ಸಣ್ಣ ಅಂಕಿಯ ಹಿಂದೆ ಆ ಖರ್ಚು ಕೂತಿದೆ.

ಇನ್ನೊಂದು ಮಾತು. ಈ ಔಷಧಗಳೆಲ್ಲ ಜೋಡಿಗೊಂದರಂತೆ. ನೈಲಾನಿಗೆ ಕೆಲಸ ಮಾಡಿದ ಅನ್‌ಹೈಡ್ರೈಡ್ ಪಾಲಿಥಿನ್ ಮತ್ತು ಪಾಲಿಪ್ರೊಪಿಲೀನಿನ ನಡುವೆ ನಿರುಪಯೋಗಿ; ನಾಲ್ಕು ಖಂಡಗಳ ಸರಪಳಿ ಪೆಟ್ ಬೆರೆತ ರಾಶಿಯ ಮುಂದೆ ಅಸಹಾಯಕ. ಆದ್ದರಿಂದ ಯಾವ ಪ್ಲಾಸ್ಟಿಕ್ ಕಸವನ್ನಾದರೂ ಹಾಗೆಯೇ ತನ್ನಿ, ಒಂದೇ ಪುಡಿ ಹಾಕಿ ಹೊಸದರಂತೆ ಮಾಡಿಕೊಡುತ್ತೇವೆ ಎಂದು ಯಾರಾದರೂ ಬಂದರೆ, ಯಾವ ಎರಡು ಪ್ಲಾಸ್ಟಿಕ್‌ಗಳಿಗೆ ಎಂದು ಮೊದಲು ಕೇಳಿ.