ಕಡತದ ಕೋಣೆಗೆ ಲಾಗಿನ್ ಇಲ್ಲ

ಎಲೆಕ್ಷನ್ ಬಂತು ಅಂದ್ರೆ ಹಾಸ್ಟೆಲ್ ವಾಟ್ಸಾಪ್ ಗುಂಪುಗಳಲ್ಲಿ ದಿನಕ್ಕೊಂದು ಆರೋಪ. ಅವರು ಗೋಮಾಳ ನುಂಗಿದ್ರಂತೆ, ಇವರ ಹೊಲ ಮೂರು ಪಟ್ಟಾಯ್ತಂತೆ. ಈ ‘ಅಂತೆ’ಗಳಲ್ಲಿ ಎಷ್ಟು ನಿಜ ಅಂತ ಹುಡುಕೋಕೆ ಪ್ರಚಾರ ತಂಡಗಳಲ್ಲಿ ಸಂಶೋಧಕರು ಇರ್ತಾರೆ. ಬುದ್ಧಿವಂತ ತಂಡ ಎದುರಾಳಿಗಿಂತ ಮೊದಲು ತನ್ನ ಅಭ್ಯರ್ಥಿಯ ಕಡತವನ್ನೇ ತೆಗೆದು ನೋಡುತ್ತೆ.

ನಾಮಪತ್ರದ ಜೊತೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರ ಆನ್‌ಲೈನ್‌ನಲ್ಲೇ ಸಿಗುತ್ತೆ. ಹೊಲದ ಸರ್ವೆ ನಂಬರ್, ಅದು ಪಿತ್ರಾರ್ಜಿತವೋ ಅಲ್ಲವೋ, ಕೊಂಡಿದ್ದರೆ ಯಾವಾಗ, ಎಷ್ಟಕ್ಕೆ, ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಬರೆದದ್ದು ನಿಜವೇ ಅಂತ ನೋಡೋಕೆ ಹೋದಾಗ ಇಂಟರ್‌ನೆಟ್ ಕೈಕೊಡುತ್ತೆ. ಈಗಿನ ಪಹಣಿ, ಅಂದರೆ ನಮ್ಮ ಕಡೆಯ ಉತಾರ, ‘ಭೂಮಿ’ ತಂತ್ರಾಂಶದಲ್ಲಿದೆ. ಅದಕ್ಕೂ ಹಿಂದಿನ ಕೈಬರಹದ ಮ್ಯುಟೇಶನ್ ವಹಿಗಳು ಇರೋದು ತಾಲೂಕು ಕಚೇರಿಯ ಅಭಿಲೇಖಾಲಯದಲ್ಲಿ. ‘ಭೂ ಸುರಕ್ಷಾ’ ಯೋಜನೆಯಲ್ಲಿ ಇವನ್ನು ಸ್ಕ್ಯಾನ್ ಮಾಡುವ ಕೆಲಸ ನಡೀತಿದೆ. ನಿಮಗೆ ಬೇಕಾದ ಪುಟ ಇನ್ನೂ ಸ್ಕ್ಯಾನ್ ಆಗಿರದಿದ್ರೆ ಬಸ್ಸು ಹತ್ತಲೇಬೇಕು.

ಯಾವ ಊರಿನ ಬಸ್ಸು? ಪುರ್ತಗೇರಿಯನ್ನೇ ತಗೊಳ್ಳಿ. ಊರು ಇದ್ದಲ್ಲೇ ಇದೆ, ಕಚೇರಿಗಳು ಬದಲಾಗಿವೆ. ಗಜೇಂದ್ರಗಡ ತಾಲೂಕಾದದ್ದು 2018ರಲ್ಲಿ, ಅದಕ್ಕೂ ಮೊದಲು ರೋಣ ತಾಲೂಕು. 1997ರವರೆಗೆ ಧಾರವಾಡ ಜಿಲ್ಲೆ, 1956ಕ್ಕೆ ಮುಂಚೆ ಮುಂಬೈ ರಾಜ್ಯ. ಆದ್ದರಿಂದ ‘ಕಡತ ಇದೆಯಾ’ ಅನ್ನೋದಕ್ಕಿಂತ ಮೊದಲು ‘ಆ ವರ್ಷದ ಕಡತ ಈಗ ಎಲ್ಲಿದೆ’ ಅಂತ ಕೇಳಬೇಕು. ಡೇಟಾ ಮೈಗ್ರೇಶನ್ ಅಂದ್ರೆ ಇಲ್ಲಿ ಬಟ್ಟೆಗಂಟು ಮತ್ತು ಲಾರಿ!

ಮಾಹಿತಿ ಹಕ್ಕು ಕಾಯ್ದೆ, 2005ರ ಪ್ರಕಾರ ನಕಲು ಕೇಳಬಹುದು, ಕಚೇರಿಯಲ್ಲೇ ಕೂತು ಕಡತ ಪರಿಶೀಲಿಸಿ ಟಿಪ್ಪಣಿಯನ್ನೂ ಮಾಡ್ಕೊಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಪ್ರಚಾರದ ಕಾವು ಅಷ್ಟು ದಿನ ಕಾಯಲ್ಲ, ಹಾಗಾಗಿ ಈ ಕೆಲಸ ಚುನಾವಣೆ ಘೋಷಣೆಗೂ ಎಷ್ಟೋ ಮೊದಲೇ ಶುರುವಾಗಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘ಎಲ್ಲಾ ದಾಖಲೆ ಕೊಡಿ’ ಅಂತ ಬರೆದ್ರೆ ಕೆಲಸ ಆಗಲ್ಲ. ಸರ್ವೆ ನಂಬರ್, ಹಿಸ್ಸಾ, ವರ್ಷ ಬರೀರಿ.

ನಿಜವಾದ ಅಪಾಯ ಇರೋದು ಕಡತ ಸಿಕ್ಕ ಮೇಲೆ. ಒಂದೇ ಊರಲ್ಲಿ ಒಂದೇ ಹೆಸರು, ಒಂದೇ ಅಡ್ಡಹೆಸರಿನವರು ನಾಲ್ಕು ಜನ ಇರ್ತಾರೆ. ತಂದೆಯ ಹೆಸರು ತಾಳೆ ನೋಡದೆ ಪೋಸ್ಟ್ ಹಾಕಿದ್ರೆ ಮಾನ ಹೋಗೋದು ಯಾರೋ ರೈತನದ್ದು. ಹಿಸ್ಸಾ ಆದ ಮೇಲೆ ಒಂದು ಸರ್ವೆ ನಂಬರ್ ಮೂರಾಗುತ್ತೆ. ಕಾಗದದಲ್ಲಿ ಮೂರು ಹೊಲ ಕಂಡರೂ ನೆಲ ಅಷ್ಟೇ, ಅದಕ್ಕೇ ಎಕರೆ-ಗುಂಟೆ ಕೂಡಿಸಿ ನೋಡಿ (40 ಗುಂಟೆಗೆ ಒಂದು ಎಕರೆ). ಷರಾದಲ್ಲಿ ‘ವಾರಸಾ’ ಅಂತಿದೆಯೋ ‘ಖರೀದಿ’ ಅಂತಿದೆಯೋ ಓದಿ. ಎಷ್ಟೋ ಆರೋಪಗಳು ಆ ಒಂದು ಪದದಲ್ಲೇ ಬಿದ್ದುಹೋಗ್ತವೆ. ಮೊಬೈಲ್ ಫೋಟೊ ನೆಚ್ಚಿಕೊಳ್ಳದೆ ದೃಢೀಕೃತ ನಕಲು ತಗೊಳ್ಳಿ.

ಇನ್ನೊಂದು ಕಡತವನ್ನು ಹೆಚ್ಚಿನವರು ಕೇಳೋದೇ ಇಲ್ಲ, ಅದು ಅಭ್ಯರ್ಥಿಯ ಚುನಾವಣಾ ವೆಚ್ಚದ ಲೆಕ್ಕ. ಫಲಿತಾಂಶ ಬಂದ 30 ದಿನದೊಳಗೆ ಅದನ್ನು ಜಿಲ್ಲಾ ಚುನಾವಣಾಧಿಕಾರಿಗೆ ಕೊಡಬೇಕು. ರೋಣ ಕ್ಷೇತ್ರದ್ದಾದರೆ ಗದಗಿಗೆ ಹೋಗಿ. 1961ರ ಚುನಾವಣಾ ನಿಯಮಗಳ ಪ್ರಕಾರ ಅದನ್ನು ಯಾರು ಬೇಕಾದರೂ ನೋಡಬಹುದು, ಶುಲ್ಕ ಒಂದು ರೂಪಾಯಿ. ಚಿಲ್ಲರೆ ಇಟ್ಕೊಂಡು ಹೋಗಿ.