ಸ್ಯಾಂಡ್‌ವಿಚ್ ಕೊಟ್ಟು ತೀರಿಸಿದ ಸಾಲ

1989ರಲ್ಲಿ ಅಮೆರಿಕದ ಗ್ರೇಟ್ ಬ್ಯಾರಿಂಗ್ಟನ್ ಎಂಬ ಸಣ್ಣ ಊರಿನಲ್ಲಿ ಒಬ್ಬ ಸ್ಯಾಂಡ್‌ವಿಚ್ ಅಂಗಡಿಯವನಿಗೆ ತುರ್ತಾಗಿ ದುಡ್ಡು ಬೇಕಾಯಿತು. ಅಂಗಡಿಯ ಹೆಸರು ಬರೀ ‘ದಿ ಡೆಲಿ’. ಇದ್ದ ಮಳಿಗೆಯ ಬಾಡಿಗೆ ಕರಾರು ಮುಗಿಯುತ್ತ ಬಂದಿತ್ತು. ಬೇರೆ ಮಳಿಗೆ ಗೊತ್ತಾಗಿತ್ತು, ಅಲ್ಲಿಗೆ ಅಂಗಡಿ ಸಾಗಿಸಲು ಸುಮಾರು ಐದು ಸಾವಿರ ಡಾಲರ್ ಬೇಕು. ವ್ಯಾಪಾರ ಚೆನ್ನಾಗಿತ್ತು, ಖಾಯಂ ಗಿರಾಕಿಗಳೂ ಇದ್ದರು. ಆದರೂ ಬ್ಯಾಂಕು ಸಾಲ ಕೊಡಲಿಲ್ಲ.

ಆಗ ಆತ ಹೋಗಿದ್ದು ಊರಿನಲ್ಲೇ ಇದ್ದ ಒಂದು ಪುಟ್ಟ ಸಂಸ್ಥೆಗೆ. ಅಲ್ಲಿದ್ದ ಸೂಸನ್ ವಿಟ್ ಕೊಟ್ಟ ಸಲಹೆ ಸರಳವಾಗಿತ್ತು. ಸಾಲವನ್ನು ಬ್ಯಾಂಕಿನಲ್ಲಿ ಯಾಕೆ ಕೇಳಬೇಕು? ದಿನಾ ನಿನ್ನ ಅಂಗಡಿಯಲ್ಲಿ ತಿಂದು ಹೋಗುವವರನ್ನೇ ಕೇಳು. ಆತ ತನ್ನದೇ ನೋಟು ಅಚ್ಚು ಹಾಕಿಸಿದ, ಹೆಸರು ‘ಡೆಲಿ ಡಾಲರ್’. ನೋಟಿನ ಬೆಲೆ ಎಂಟು ಡಾಲರ್. ಅದನ್ನು ಕೊಂಡವರು ಮುಂದೆ ಹತ್ತು ಡಾಲರ್ ಮೌಲ್ಯದ ಊಟ ಮಾಡಬಹುದು. ಎಲ್ಲರೂ ಒಂದೇ ದಿನ ನೋಟು ಹಿಡಿದು ಬಂದರೆ ಅಂಗಡಿ ಮುಳುಗುತ್ತದಲ್ಲ? ಅದಕ್ಕೆಂದೇ ಬೇರೆ ಬೇರೆ ನೋಟಿನ ಮೇಲೆ ಬೇರೆ ಬೇರೆ ದಿನಾಂಕ ಹಾಕಿ, ಆ ದಿನಾಂಕ ಕಳೆದ ಮೇಲಷ್ಟೇ ಬಳಸಬೇಕೆಂದು ಷರತ್ತಿಟ್ಟ. ಹೀಗಾಗಿ ಸಾಲ ತಿಂಗಳುಗಳ ಉದ್ದಕ್ಕೂ ಹರಡಿಕೊಂಡು ತೀರುವಂತಾಯಿತು.

ಮೂವತ್ತು ದಿನಗಳಲ್ಲಿ ಐದು ಸಾವಿರ ಡಾಲರ್ ಕೂಡಿತು. ಕಟ್ಟಡ ಗುತ್ತಿಗೆದಾರರು ಕ್ರಿಸ್‌ಮಸ್ ಉಡುಗೊರೆಯಾಗಿ ತಮ್ಮ ಕೆಲಸಗಾರರಿಗೆ ಕೊಡಲೆಂದು ನೋಟು ಕೊಂಡರು. ಅಲ್ಲಿನ ಕಾಲೇಜಿಗೆ ಮಕ್ಕಳನ್ನು ಕಳಿಸಿದ್ದ ಅಪ್ಪ ಅಮ್ಮಂದಿರು, ಮಗು ಹೊತ್ತಿಗೆ ಸರಿಯಾಗಿ ಊಟ ಮಾಡಲಿ ಎಂದು ಕೊಂಡು ಕಳಿಸಿದರು. ಸಾಲ ಕೊಡದ ಬ್ಯಾಂಕಿನ ನೌಕರರೂ ಕೊಂಡರು. ಚರ್ಚಿನ ಕಾಣಿಕೆ ತಟ್ಟೆಯಲ್ಲೂ ಡೆಲಿ ಡಾಲರ್ ಬಿದ್ದಿತ್ತು, ಏಕೆಂದರೆ ಪಾದ್ರಿಗಳು ಬೆಳಗಿನ ತಿಂಡಿ ತಿನ್ನುವುದು ಅದೇ ಅಂಗಡಿಯಲ್ಲಿ ಎಂಬುದು ಭಕ್ತರಿಗೆ ಗೊತ್ತಿತ್ತು.

ನಮ್ಮ ಕಿರಾಣಿ ಅಂಗಡಿಯಲ್ಲಿ ಗಿರಾಕಿ ಉದ್ರಿ ಹೇಳುತ್ತಾನೆ, ಅಂಗಡಿಯವನು ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಡೆಲಿಯಲ್ಲಿ ಲೆಕ್ಕ ತಿರುವುಮುರುವಾಯಿತು: ಉದ್ರಿ ಕೊಟ್ಟವರು ಗಿರಾಕಿಗಳು, ಹೊತ್ತುಕೊಂಡವನು ಅಂಗಡಿಯವನು. ಎರಡೂ ಕಡೆ ನಡೆಯುವುದು ಮುಖ ಪರಿಚಯದ ಮೇಲೆ. ಬ್ಯಾಂಕಿನ ಅರ್ಜಿಯಲ್ಲಿ ಅದನ್ನು ಬರೆಯಲು ಜಾಗವಿರಲಿಲ್ಲ, ಅಷ್ಟೆ.

ಗ್ರೇಟ್ ಬ್ಯಾರಿಂಗ್ಟನ್ ಇರುವುದು ಮ್ಯಾಸಚುಸೆಟ್ಸ್ ರಾಜ್ಯದ ಪಶ್ಚಿಮ ತುದಿಯ ಬರ್ಕ್‌ಷೈರ್ ಕೌಂಟಿಯಲ್ಲಿ. ಇಡೀ ಕೌಂಟಿಯ ಜನಸಂಖ್ಯೆ 2020ರ ಜನಗಣತಿಯಂತೆ ಸುಮಾರು 1.29 ಲಕ್ಷ, ನಮ್ಮ ಒಂದು ತಾಲ್ಲೂಕಿನಷ್ಟು. ಬೆಟ್ಟ, ಕಾಡು, ಹೌಸಟಾನಿಕ್ ನದಿ, ನದಿಯುದ್ದಕ್ಕೂ ಹಳೆಯ ಗಿರಣಿ ಊರುಗಳು. ಬೇಸಿಗೆಯಲ್ಲಿ ಲೆನಾಕ್ಸ್‌ನ ಟ್ಯಾಂಗಲ್‌ವುಡ್‌ನಲ್ಲಿ ಬಾಸ್ಟನ್ ಸಿಂಫನಿ ವಾದ್ಯವೃಂದದ ಕಛೇರಿಗಳು ನಡೆಯುತ್ತವೆ, ಪ್ರವಾಸಿಗರು ತುಂಬಿಕೊಳ್ಳುತ್ತಾರೆ. ಹಿಮ ಬಿದ್ದ ಮೇಲೆ ಪೇಟೆ ತಣ್ಣಗಾಗುತ್ತದೆ. ಬೇಸಿಗೆಯಲ್ಲಿ ದುಡಿದದ್ದನ್ನು ಚಳಿಗಾಲದುದ್ದಕ್ಕೂ ಎಳೆದಾಡಿ ಬದುಕುವುದು ಅಲ್ಲಿನ ಸಣ್ಣ ವ್ಯಾಪಾರಿಗಳ ಪಾಡು.

ಸಾಲ, ನೋಟು ಇವೆರಡರ ನಂಟು ಈ ಕೌಂಟಿಗೆ ಹಳೆಯದು. 1786ರ ಸೆಪ್ಟೆಂಬರಿನಲ್ಲಿ, ಸಾಲದ ಮೊಕದ್ದಮೆಗಳು ನಡೆಯದಂತೆ ರೈತರು ಗ್ರೇಟ್ ಬ್ಯಾರಿಂಗ್ಟನ್‌ನ ನ್ಯಾಯಾಲಯವನ್ನೇ ತಡೆದು ನಿಲ್ಲಿಸಿದ್ದರು. ಷೇಸ್ ದಂಗೆ ಎಂದು ಚರಿತ್ರೆ ಕರೆಯುವುದರ ಒಂದು ಭಾಗ ಅದು. ಇನ್ನು ಡಾಲರ್ ನೋಟಿನ ಕಾಗದ ತಯಾರಾಗುವುದೂ ಇದೇ ಕೌಂಟಿಯಲ್ಲಿ. 1801ರಲ್ಲಿ ಡಾಲ್ಟನ್ ಊರಿನಲ್ಲಿ ಶುರುವಾದ ಕ್ರೇನ್ ಕಾಗದದ ಗಿರಣಿ 1879ರಿಂದ ಅಮೆರಿಕ ಸರ್ಕಾರಕ್ಕೆ ನೋಟಿನ ಕಾಗದ ಪೂರೈಸುತ್ತಿದೆ. ಜಗತ್ತನ್ನೆಲ್ಲ ಸುತ್ತುವ ನೋಟಿಗೆ ಹಾಳೆ ಕೊಡುವ ಕೌಂಟಿಯಲ್ಲೇ ಊರು ಬಿಟ್ಟು ಹೋಗದ ನೋಟೊಂದು ಹುಟ್ಟಿಕೊಂಡಿತು.

ಡೆಲಿ ಡಾಲರಿನ ಹಿಂದಿದ್ದ ವಿಚಾರ ಹುಟ್ಟಿದ್ದು ಬೇರೆ ಕಡೆ. ಅದರ ಎಳೆ ಹಿಡಿದು ಹೊರಟರೆ ನಮ್ಮ ನೆಲಕ್ಕೂ ಬಂದು ತಲುಪುತ್ತೇವೆ. ಸೂಸನ್ ವಿಟ್ ಜೊತೆ ಆ ಸಂಸ್ಥೆ ಕಟ್ಟಿದವರು ರಾಬರ್ಟ್ ಸ್ವಾನ್. ಎರಡನೇ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲಾರೆ ಎಂದು ಜೈಲಿಗೆ ಹೋದವರು. ವಿನೋಬಾ ಭಾವೆ 1951ರಲ್ಲಿ ಪೋಚಂಪಳ್ಳಿಯಲ್ಲಿ ಶುರು ಮಾಡಿದ ಭೂದಾನ, ಮುಂದೆ ಇಡೀ ಹಳ್ಳಿಯ ಭೂಮಿಯನ್ನೇ ಊರಿನ ಒಡೆತನಕ್ಕೆ ತರುವ ಗ್ರಾಮದಾನವಾಯಿತು. 1957ರ ಸೆಪ್ಟೆಂಬರಿನಲ್ಲಿ ಮೈಸೂರಿನ ಹತ್ತಿರದ ಇಲವಾಲದಲ್ಲಿ ಗ್ರಾಮದಾನದ ಬಗ್ಗೆ ನಡೆದ ಸಮ್ಮೇಳನಕ್ಕೆ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್, ಪ್ರಧಾನಿ ನೆಹರೂ ಇಬ್ಬರೂ ಬಂದಿದ್ದರು. ಆ ಗ್ರಾಮದಾನದ ವಿಚಾರ ಸ್ವಾನ್ ಅವರನ್ನು ಹಿಡಿದುಕೊಂಡಿತು. 1969ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಕಪ್ಪು ರೈತರಿಗಾಗಿ ‘ನ್ಯೂ ಕಮ್ಯುನಿಟೀಸ್’ ಎಂಬ ಭೂಟ್ರಸ್ಟ್ ಕಟ್ಟಿದವರಲ್ಲಿ ಅವರೂ ಒಬ್ಬರು. ಭೂಮಿ ಟ್ರಸ್ಟಿನದು, ಉಳುವವರಿಗೆ ದೀರ್ಘಾವಧಿ ಗುತ್ತಿಗೆ. ಅಮೆರಿಕದಲ್ಲಿ ಇಂಥ ಭೂಟ್ರಸ್ಟುಗಳಿಗೆ ಮೊದಲ ಮಾದರಿಯೇ ಅದು.

ಭೂಮಿಯ ನಂತರ ಹಣ. 1972ರಲ್ಲಿ ರಾಲ್ಫ್ ಬೋರ್ಸೋಡಿ ಎಂಬ ಹಿರಿಯ ಚಿಂತಕ ನ್ಯೂ ಹ್ಯಾಂಪ್‌ಷೈರ್‌ನ ಎಕ್ಸೆಟರ್ ಊರಿನಲ್ಲಿ ‘ಕಾನ್‌ಸ್ಟಂಟ್’ ಎಂಬ ನೋಟು ಚಲಾವಣೆಗೆ ತಂದರು. ಅದರ ಬೆಲೆ ನಿಂತಿದ್ದು ಧಾನ್ಯ, ಲೋಹದಂಥ ಸರಕುಗಳ ಬೆಲೆಯ ಮೇಲೆ. ಆ ಪ್ರಯೋಗದಲ್ಲಿ ಸ್ವಾನ್ ಕೈಜೋಡಿಸಿದ್ದರು. ಮರುವರ್ಷ ‘ಸ್ಮಾಲ್ ಈಸ್ ಬ್ಯೂಟಿಫುಲ್’ ಪುಸ್ತಕ ಬಂತು. ಅದರ ಲೇಖಕ, ಗಾಂಧಿಯವರ ಆರ್ಥಿಕ ವಿಚಾರವನ್ನು ಗೌರವದಿಂದ ಓದಿದ್ದ ಇ.ಎಫ್. ಷೂಮಾಕರ್ ಅವರನ್ನು ಅಮೆರಿಕಕ್ಕೆ ಕರೆಸಿ ಊರೂರಿನಲ್ಲಿ ಮಾತನಾಡಿಸಿದವರೂ ಸ್ವಾನ್. ಷೂಮಾಕರ್ 1977ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ 1980ರಲ್ಲಿ ಸ್ವಾನ್ ಮತ್ತು ವಿಟ್ ಗ್ರೇಟ್ ಬ್ಯಾರಿಂಗ್ಟನ್ ಪಕ್ಕದಲ್ಲಿ ಸಂಸ್ಥೆ ಕಟ್ಟಿದರು. ಸ್ಯಾಂಡ್‌ವಿಚ್ ಅಂಗಡಿಯವನಿಗೆ ಸಿಕ್ಕ ಸಲಹೆಯ ಬೇರು ಇಷ್ಟು ದೂರ ಹರಡಿತ್ತು.

ಡೆಲಿ ಡಾಲರಿನ ಸುದ್ದಿ ಅಕ್ಕಪಕ್ಕದ ತೋಟಗಳನ್ನು ಮುಟ್ಟಿತು. ಚಳಿಗಾಲದಲ್ಲಿ ಹಸಿರುಮನೆ ಬೆಚ್ಚಗಿಡಲು ರೈತರಿಗೆ ಖರ್ಚು ವಿಪರೀತ, ಆದಾಯ ಶೂನ್ಯ. ಎರಡು ತೋಟಗಳು ಸೇರಿ ‘ಬರ್ಕ್‌ಷೈರ್ ಫಾರ್ಮ್ ಪ್ರಿಸರ್ವ್ ನೋಟ್’ ಹೊರಡಿಸಿದವು. ನೋಟಿನ ನಡುವೆ ದೊಡ್ಡವರ ಮುಖದ ಬದಲು ಎಲೆಕೋಸಿನ ಚಿತ್ರ. ಚಳಿಯಲ್ಲಿ ಕೊಂಡ ನೋಟನ್ನು ವಸಂತದಲ್ಲೂ ಬೇಸಿಗೆಯಲ್ಲೂ ಸಸಿ, ತರಕಾರಿಗಳಿಗೆ ಬದಲಾಯಿಸಿಕೊಳ್ಳಬಹುದು. ಹೀಗೆ ಮುಂಗಡ ಕೊಡುವುದಕ್ಕೆ ಜನ ಆಗಲೇ ಒಗ್ಗಿದ್ದರು. ಅದೇ ಕೌಂಟಿಯ ಸೌತ್ ಎಗ್ರಿಮಾಂಟ್‌ನಲ್ಲಿ ರಾಬಿನ್ ವ್ಯಾನ್ ಎನ್ ಎಂಬ ರೈತ ಮಹಿಳೆ 1986ರಿಂದ ತನ್ನ ಇಂಡಿಯನ್ ಲೈನ್ ತೋಟದ ಇಡೀ ಹಂಗಾಮಿನ ಬೆಳೆಯನ್ನು ಪಾಲುಗಳಾಗಿ ಮುಂಗಡ ಮಾರುತ್ತಿದ್ದಳು. ಮಳೆ ಕೈಕೊಟ್ಟರೆ ನಷ್ಟವೂ ಎಲ್ಲರದು, ಸುಗ್ಗಿ ಬಂದರೆ ಲಾಭವೂ ಎಲ್ಲರದು. ಈಗ ಬೆಂಗಳೂರಿನಲ್ಲೂ ಕೆಲವು ಸಾವಯವ ತೋಟಗಳು ವಾರದ ತರಕಾರಿ ಬುಟ್ಟಿಗೆ ಮುಂಗಡ ಚಂದಾ ಪಡೆಯುತ್ತವೆ. ಅಮೆರಿಕದಲ್ಲಿ ಆ ಪದ್ಧತಿ ಮೊದಲು ಬೇರೂರಿದ ಒಂದೆರಡು ತೋಟಗಳಲ್ಲಿ ಇಂಡಿಯನ್ ಲೈನ್ ಒಂದು.

ಇಷ್ಟಾದರೂ ಇವೆಲ್ಲ ಒಂದೊಂದು ಅಂಗಡಿಯ, ಒಂದೊಂದು ತೋಟದ ನೋಟು. ಒಬ್ಬನ ಕಷ್ಟಕ್ಕೆ ಹುಟ್ಟಿದ್ದು, ಕಷ್ಟ ತೀರಿದ ಮೇಲೆ ಮುಗಿದದ್ದು. ಇಡೀ ಪೇಟೆ ಒಟ್ಟಾಗಿದ್ದು 90ರ ದಶಕದ ಆರಂಭದಲ್ಲಿ, ಗ್ರೇಟ್ ಬ್ಯಾರಿಂಗ್ಟನ್‌ನ ಮುಖ್ಯ ಬೀದಿಯ ವ್ಯಾಪಾರಿಗಳ ಸಂಘದಿಂದ. ಬೇಸಿಗೆಯ ಕೆಲವು ವಾರ, ಹತ್ತು ಡಾಲರಿನ ಸಾಮಾನು ಖರೀದಿಸಿದವರಿಗೆಲ್ಲ ಒಂದು ‘ಬರ್ಕ್‌ಷೇರ್’ ಚೀಟಿ. ಕೊನೆಗೆ ಮೂರು ದಿನಗಳ ಮಾರಾಟ ಹಬ್ಬ. ಆ ಮೂರು ದಿನ ಸೇರಿದ ಅಂಗಡಿಗಳಲ್ಲೆಲ್ಲ ಚೀಟಿಗೆ ಒಂದು ಡಾಲರಿನ ಬೆಲೆ. ಪಾತ್ರೆ ಅಂಗಡಿಯಲ್ಲಿ ಸಿಕ್ಕ ಚೀಟಿ ಪುಸ್ತಕದ ಅಂಗಡಿಯಲ್ಲಿ ನಡೆಯಿತು. ಎಷ್ಟು ಸಾಮಾನು ಮಾರಾಟವಾಯಿತು ಎಂಬುದಕ್ಕಿಂತ ಇದು ದೊಡ್ಡದು ಎಂದು ನನಗನ್ನಿಸುತ್ತದೆ. ಪಕ್ಕದಂಗಡಿಯವನು ಎದುರಾಳಿ ಎಂದುಕೊಂಡಿದ್ದವರು ಆತ ಕೊಟ್ಟ ಚೀಟಿಯನ್ನು ತಮ್ಮ ಗಲ್ಲಾಪೆಟ್ಟಿಗೆಗೆ ಹಾಕಿಕೊಂಡರು.

ವ್ಯಾಪಾರವನ್ನು ಊರ ನಡುವೆ ತಂದು ಹಬ್ಬ ಮಾಡುವುದು ಈ ಕೌಂಟಿಗೆ ಹೊಸದೇನಲ್ಲ. 1807ರಲ್ಲಿ ಎಲ್ಕಾನಾ ವಾಟ್ಸನ್ ಎಂಬ ವರ್ತಕ ತನ್ನ ಎರಡು ಮೆರಿನೊ ಕುರಿಗಳನ್ನು ಪಿಟ್ಸ್‌ಫೀಲ್ಡ್ ಊರಿನ ನಡುವಿನ ದೊಡ್ಡ ಎಲ್ಮ್ ಮರದ ಕೆಳಗೆ ಕಟ್ಟಿ ನಿಲ್ಲಿಸಿದ. ಸ್ಪೇನಿನ ತಳಿ, ನುಣುಪಾದ ಉಣ್ಣೆ. ನೋಡಲು ರೈತರು ಗುಂಪುಗೂಡಿದರು. ಎರಡೇ ಕುರಿಗೆ ಇಷ್ಟು ಜನವಾದರೆ ಕೌಂಟಿಯ ಒಳ್ಳೆಯ ದನಕರುಗಳನ್ನೆಲ್ಲ ಸೇರಿಸಿದರೆ ಹೇಗೆ ಎಂದು ಆತ ಯೋಚಿಸಿದ. 1810ರಲ್ಲಿ ದನಗಳ ಪ್ರದರ್ಶನ, 1811ರಲ್ಲಿ ಕೌಂಟಿಯ ಕೃಷಿ ಸಂಘದ ಮೊದಲ ಜಾತ್ರೆ, ಮೆರವಣಿಗೆ, ಬಹುಮಾನ. 1813ರಲ್ಲಿ ಮನೆಯಲ್ಲಿ ನೇಯ್ದ ಬಟ್ಟೆಗಳಿಗೂ ಬಹುಮಾನವಿಟ್ಟಾಗ ಹೆಂಗಸರು ಮುಂದೆ ಬರಲು ಹಿಂಜರಿದರು. ವಾಟ್ಸನ್ ತನ್ನ ಹೆಂಡತಿಯನ್ನು ಮೊದಲು ಕಳಿಸಿದ, ಉಳಿದವರು ಹಿಂದೆಯೇ ಬಂದರು. ಅಮೆರಿಕದ ಕೌಂಟಿ ಜಾತ್ರೆಗಳು ಬೆಳೆದದ್ದು ಈ ಬರ್ಕ್‌ಷೈರ್ ಮಾದರಿಯಿಂದಲೇ.

ಇದೇ ಪಿಟ್ಸ್‌ಫೀಲ್ಡ್ 20ನೆಯ ಶತಮಾನದಲ್ಲಿ ಇನ್ನೊಂದು ಪಾಠ ಕಲಿತಿತ್ತು. ಅಲ್ಲಿನ ಜನರಲ್ ಎಲೆಕ್ಟ್ರಿಕ್ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. 80ರ ದಶಕದಲ್ಲಿ ಟ್ರಾನ್ಸ್‌ಫಾರ್ಮರ್ ತಯಾರಿಕೆ ನಿಂತಿತು. ಉತ್ತರದ ನಾರ್ತ್ ಆಡಮ್ಸ್‌ನಲ್ಲಿ ಸ್ಪ್ರೇಗ್ ಎಲೆಕ್ಟ್ರಿಕ್ ಕಂಪನಿ ಬಾಗಿಲು ಹಾಕಿದ್ದೂ ಅದೇ ಹೊತ್ತಿಗೆ. ಊರಿಗೆ ಅನ್ನ ಹಾಕುವ ನಿರ್ಧಾರ ದೂರದ ಕಚೇರಿಯಲ್ಲಿ ಆಗುತ್ತಿದ್ದರೆ, ಅನ್ನ ಕಿತ್ತುಕೊಳ್ಳುವ ನಿರ್ಧಾರವೂ ಅಲ್ಲೇ ಆಗುತ್ತದೆ. ಕಾರ್ಖಾನೆ ಹೋದ ಮೇಲೂ ಅದು ನದಿಗೆ ಬಿಟ್ಟ ಪಿಸಿಬಿ ವಿಷ ಉಳಿಯಿತು, ಹೌಸಟಾನಿಕ್ ನದಿಯ ಶುದ್ಧೀಕರಣದ ಜಗಳ ದಶಕಗಳ ಕಾಲ ನಡೆಯಿತು. ಊರಿನ ದುಡ್ಡು ಊರಲ್ಲೇ ಇನ್ನೊಂದು ಸುತ್ತು ಸುತ್ತಲಿ ಎಂಬ ಹಂಬಲ ಪುಸ್ತಕ ಓದಿ ಮಾತ್ರ ಬಂದದ್ದಲ್ಲ.

2006ರ ಸೆಪ್ಟೆಂಬರಿನಲ್ಲಿ ಬರ್ಕ್‌ಷೇರ್ ನಿಜವಾದ ನೋಟಾಗಿ ಬಂತು. ಕೌಂಟಿಯ ಸ್ಥಳೀಯ ಬ್ಯಾಂಕುಗಳು ಜೊತೆಯಾದವು. 90 ಡಾಲರ್ ಕೊಟ್ಟರೆ 100 ಬರ್ಕ್‌ಷೇರ್. ಮುಂದೆ ಇದನ್ನು 95 ಡಾಲರಿಗೆ ಏರಿಸಿದರು. ಅಂಗಡಿಯಲ್ಲಿ ಒಂದು ಬರ್ಕ್‌ಷೇರ್ ಎಂದರೆ ಒಂದು ಡಾಲರ್, ಆದ್ದರಿಂದ ಕೊಳ್ಳುವವನಿಗೆ ರಿಯಾಯಿತಿ ಸಿಗುತ್ತಿತ್ತು. ಅಂಗಡಿಯವನು ಅದನ್ನು ಬ್ಯಾಂಕಿಗೆ ಮರಳಿಸಿದರೆ ನೂರಕ್ಕೆ 95 ಡಾಲರಷ್ಟೇ ಸಿಗುತ್ತಿತ್ತು, ಐದು ಡಾಲರ್ ಕಡಿಮೆ. ಆ ನಷ್ಟ ಬೇಡವೆಂದರೆ ನೋಟನ್ನು ಊರಲ್ಲೇ ಖರ್ಚು ಮಾಡಬೇಕಿತ್ತು: ಹಾಲು ತರುವ ರೈತನಿಗೆ, ಬೋರ್ಡು ಬರೆಯುವವನಿಗೆ, ಒಪ್ಪಿದರೆ ಕೆಲಸಗಾರರ ಸಂಬಳದ ಒಂದು ಪಾಲಿಗೆ. ಈ ಐದು ಡಾಲರಿನಲ್ಲೇ ಇಡೀ ಯೋಜನೆಯ ಜಾಣ್ಮೆ ಇತ್ತು. ಊರಿನವರಿಂದ ಕೊಳ್ಳಿ ಎಂದು ಭಾಷಣ ಮಾಡುವುದಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತಿತ್ತು, ಏಕೆಂದರೆ ವ್ಯಾಪಾರಿ ತನ್ನ ಖರೀದಿ ಪುಸ್ತಕ ತೆರೆದು, ಯಾವ ಸರಕನ್ನು ಪಕ್ಕದ ಊರಿನಿಂದ ತರಿಸಬಹುದು ಎಂದು ಹುಡುಕಲೇಬೇಕಾಗುತ್ತಿತ್ತು. ಸುಮಾರು ನಾಲ್ಕು ನೂರು ವ್ಯಾಪಾರಿಗಳು ಇದಕ್ಕೆ ಸೇರಿದರು.

ನೋಟುಗಳ ಮೇಲೆ ಕೌಂಟಿಯವರದ್ದೇ ಮುಖಗಳು. ಒಂದರ ಮೇಲೆ ಆ ನೆಲದ ಮೂಲನಿವಾಸಿ ಮೊಹಿಕನ್, ಹತ್ತರ ಮೇಲೆ ತರಕಾರಿ ಪಾಲಿನ ರಾಬಿನ್ ವ್ಯಾನ್ ಎನ್, ಇಪ್ಪತ್ತರ ಮೇಲೆ ಪಿಟ್ಸ್‌ಫೀಲ್ಡ್‌ನಲ್ಲಿ ಕೂತು ‘ಮೊಬಿ ಡಿಕ್’ ಬರೆದ ಹರ್ಮನ್ ಮೆಲ್‌ವಿಲ್, ಐವತ್ತರ ಮೇಲೆ ಚಿತ್ರಕಾರ ನಾರ್ಮನ್ ರಾಕ್‌ವೆಲ್. ರಾಕ್‌ವೆಲ್ ಬದುಕಿದ್ದ ಸ್ಟಾಕ್‌ಬ್ರಿಜ್ ಊರಿನ ವ್ಯಾಪಾರಿಗಳು ಪ್ರತಿ ಡಿಸೆಂಬರಿನ ಆರಂಭದ ವಾರಾಂತ್ಯ ಆತ ಬಿಡಿಸಿದ ಕ್ರಿಸ್‌ಮಸ್ ಬೀದಿಯ ಚಿತ್ರವನ್ನೇ ಬೀದಿಯಲ್ಲಿ ಮತ್ತೆ ಕಟ್ಟುತ್ತಾರೆ, ಹಳೆಯ ಕಾರುಗಳನ್ನು ಚಿತ್ರದಲ್ಲಿರುವಂತೆಯೇ ನಿಲ್ಲಿಸುತ್ತಾರೆ.

ಐದರ ನೋಟಿನ ಮೇಲಿರುವುದು ಡಬ್ಲ್ಯು.ಇ.ಬಿ. ಡುಬೋಯಿಸ್. 1868ರಲ್ಲಿ ಗ್ರೇಟ್ ಬ್ಯಾರಿಂಗ್ಟನ್‌ನಲ್ಲೇ ಹುಟ್ಟಿದ, ಕಪ್ಪು ಜನರ ಹಕ್ಕಿಗಾಗಿ ಬದುಕಿಡೀ ಹೋರಾಡಿದ ವಿದ್ವಾಂಸ. ಕಪ್ಪು ಅಮೆರಿಕನ್ನರ ಸಹಕಾರಿ ಅಂಗಡಿಗಳು, ಪರಸ್ಪರ ನೆರವಿನ ಸಂಘಗಳ ಬಗ್ಗೆ 1907ರಷ್ಟು ಹಿಂದೆಯೇ ಅಧ್ಯಯನ ಪ್ರಕಟಿಸಿದವರು. ಕೊನೆಗಾಲದಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದರು ಎಂಬ ಕಾರಣಕ್ಕೆ 1969ರಲ್ಲಿ ಅವರ ಸ್ಮಾರಕಕ್ಕೆ ಹುಟ್ಟೂರೇ ಅಡ್ಡ ನಿಂತಿತ್ತು. ಮುಂದೆ ಶಾಲೆಗೆ ಅವರ ಹೆಸರಿಡುವ ವಿಚಾರದಲ್ಲೂ ಜಗಳವಾಯಿತು. ಊರಿನ ಮಾಧ್ಯಮಿಕ ಶಾಲೆಗೆ ಅವರ ಹೆಸರು ಬಂದದ್ದು 2020ರ ಸುಮಾರಿಗೆ. ಅದಕ್ಕೂ ಎಷ್ಟೋ ವರ್ಷ ಮೊದಲೇ ಡುಬೋಯಿಸ್ ಅದೇ ಬೀದಿಯ ಗಲ್ಲಾಪೆಟ್ಟಿಗೆಗಳಲ್ಲಿ ಕೂತಿದ್ದರು. ಈ ಒಂದು ಕಾರಣಕ್ಕಾದರೂ ಅಲ್ಲಿನ ವ್ಯಾಪಾರಿಗಳ ಬಗ್ಗೆ ನನಗೆ ಗೌರವವಿದೆ.

ಇದರಿಂದ ಕೌಂಟಿಯ ಬಡತನ ನೀಗಿತೇ? ಇಲ್ಲ. ಡಾಲರಿನ ವಹಿವಾಟಿನ ಮುಂದೆ ಬರ್ಕ್‌ಷೇರ್ ಸಣ್ಣದು. ಪೆಟ್ರೋಲು, ಔಷಧಿ, ಬಲ್ಬು ಇವನ್ನು ಯಾವ ನೆರೆಯವನೂ ತಯಾರಿಸುವುದಿಲ್ಲ. ಅಂಥ ಸರಕು ಮಾರುವವನಿಗೆ ಐದು ಡಾಲರಿನ ನಷ್ಟ ನಷ್ಟವೇ ಆಗಿತ್ತು. ರೈತರು, ಬೇಕರಿಯವರು, ಹೋಟೆಲಿನವರು, ಪುಸ್ತಕದಂಗಡಿಯವರ ನಡುವೆ ಅದು ಸಲೀಸಾಗಿ ಓಡಾಡುತ್ತದೆ, ಉಳಿದೆಡೆ ಎಡವುತ್ತದೆ. ನೋಟಿನ ಓಟ ಎಲ್ಲಿ ನಿಲ್ಲುತ್ತದೋ ಅಲ್ಲಿ ಊರಿಗೆ ಯಾವ ಕಸುಬು ಇಲ್ಲ ಎಂಬುದು ಕಾಣುತ್ತದೆ. ಯಾವ ಸಮೀಕ್ಷೆಯೂ ಇಷ್ಟು ನೇರವಾಗಿ ತೋರಿಸಲಾರದು.

2022ರಲ್ಲಿ ಬರ್ಕ್‌ಷೇರ್ ಮೊಬೈಲಿಗೂ ಬಂತು, ಕಾಗದದ ನೋಟು ಜೊತೆಗೇ ಉಳಿಯಿತು. ಆದರೆ ಸ್ವಾನ್ ಬಯಸಿದ್ದು ಇನ್ನೂ ದೊಡ್ಡದು. ಎಕ್ಸೆಟರ್‌ನ ಪ್ರಯೋಗದಂತೆ ನೋಟಿನ ಬೆಲೆ ಡಾಲರಿನ ಮೇಲಲ್ಲ, ಊರು ಬೆಳೆಯುವ ಸರಕಿನ ಮೇಲೆ ನಿಲ್ಲಬೇಕು. ಹೊಸ ಕಸುಬು ಹೂಡುವವರಿಗೆ ಆ ನೋಟಿನಲ್ಲೇ ಸಾಲ ಸಿಗಬೇಕು. ನೋಟು ಚಲಾವಣೆಗೆ ಬರುವ ಮೂರು ವರ್ಷ ಮೊದಲು, 2003ರಲ್ಲಿ, ಅವರು ತೀರಿಕೊಂಡರು. ಬರ್ಕ್‌ಷೇರಿನ ಬೆಲೆಯನ್ನು ಈಗಲೂ ಡಾಲರಿನಲ್ಲೇ ಅಳೆಯುತ್ತಾರೆ.