ವೀಸಾ ಬೇಡದ ದೇಶಕ್ಕೆ ಎಷ್ಟು ಸಲ ಹೋಗಬಹುದು?

ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿರುವ ಹಿರೇಹಳ್ಳಿ ಹೊರಗಿನವರಿಗೆ ಗೊತ್ತಿರುವುದು ಕೈಗಾರಿಕಾ ಪ್ರದೇಶದಿಂದ, ಇಲ್ಲವೇ ಸಿದ್ದು ಹಲಸಿನ ಕಸಿ ಗಿಡ ಕೊಡುವ ತೋಟಗಾರಿಕಾ ಸಂಶೋಧನಾ ಕೇಂದ್ರದಿಂದ. ಇಂಥ ಊರಿನಲ್ಲಿ ವೀಸಾದ ಮಾತು ಯಾಕೆ ಅನ್ನಿಸಬಹುದು. ಆದರೆ ಕಾರ್ಖಾನೆಯ ಗೇಟಿನಲ್ಲಿ ಕೂತ ಕಾವಲುಗಾರ ನೇಪಾಳದವನಾಗಿದ್ದರೆ, ವೀಸಾ ಇಲ್ಲದೆ ಬಂದು, ಎಷ್ಟು ವರ್ಷ ಬೇಕಾದರೂ ಇದ್ದು, ಹಬ್ಬಕ್ಕೆ ಊರಿಗೆ ಹೋಗಿ ಮತ್ತೆ ಬರಬಲ್ಲ ವಿದೇಶಿಯೊಬ್ಬ ನಮ್ಮ ಕಣ್ಣೆದುರಿಗೇ ಇದ್ದಾನೆ ಎಂದಾಯಿತು.

ಅವನಿಗೆ ಈ ಅನುಕೂಲ ಸಿಕ್ಕಿದ್ದು 1950ರ ಜುಲೈ 31ರಂದು ಕಠ್ಮಂಡುವಿನಲ್ಲಿ ಸಹಿಯಾದ ಭಾರತ-ನೇಪಾಳ ಒಪ್ಪಂದದಿಂದ. ಅದರ 7ನೇ ವಿಧಿಯ ಪ್ರಕಾರ ಒಂದು ದೇಶದವರು ಇನ್ನೊಂದರಲ್ಲಿ ವಾಸ ಮಾಡಬಹುದು, ವ್ಯಾಪಾರ ಮಾಡಬಹುದು, ಓಡಾಡಬಹುದು. ನಮಗೂ ಅಲ್ಲಿ ಅಷ್ಟೇ ಸಲೀಸು. ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿ ತೋರಿಸಿದರಾಯಿತು. 2025ರ ಸೆಪ್ಟೆಂಬರ್ 1ರಿಂದ ನಮ್ಮಲ್ಲಿ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಾಗಲೂ ನೇಪಾಳ, ಭೂತಾನ್ ಪ್ರಜೆಗಳ ಈ ವಿನಾಯಿತಿಗೆ ಕೈ ಹಚ್ಚಲಿಲ್ಲ.

ಇಷ್ಟು ಧಾರಾಳ ಬೇರೆಲ್ಲೂ ಸಿಗುವುದು ಕಷ್ಟ. ಬೇರೆ ದೇಶಗಳು ‘ಭಾರತೀಯರಿಗೆ ವೀಸಾ ಬೇಡ’ ಎಂದಾಗ ಅದರ ಹಿಂದೆಯೇ ದಿನಗಳ ಲೆಕ್ಕ ಬರುತ್ತದೆ. ಆ ಲೆಕ್ಕ ಒಂದೊಂದು ದೇಶಕ್ಕೆ ಒಂದೊಂದು ಥರ. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಒಂದು ಭೇಟಿಗೆ 30 ದಿನ ಕೊಟ್ಟಿತು. ಫಿಲಿಪ್ಪೀನ್ಸ್ 2025ರಲ್ಲಿ 14 ದಿನ ಕೊಟ್ಟು, ಒಂದು ದಿನವೂ ವಿಸ್ತರಿಸುವುದಿಲ್ಲ ಎಂದಿತು. ಕಜಕಸ್ತಾನದ್ದು ಇನ್ನೂ ಬಿಗಿ: ಒಮ್ಮೆಗೆ 14 ದಿನ, 180 ದಿನಗಳಲ್ಲಿ ಎಲ್ಲ ಭೇಟಿ ಕೂಡಿ 42 ದಿನ ಮೀರಬಾರದು.

ಇರಾನಿನ ಕಥೆಯನ್ನು ಸ್ವಲ್ಪ ನಿಂತು ನೋಡಬೇಕು. 2024ರ ಫೆಬ್ರವರಿ 4ರಿಂದ ಭಾರತೀಯ ಪ್ರವಾಸಿಗರಿಗೆ ಅದು ವೀಸಾ ತೆಗೆದುಹಾಕಿತು. ವಿಮಾನದಲ್ಲೇ ಬರಬೇಕು, 15 ದಿನಕ್ಕಿಂತ ಹೆಚ್ಚು ಇರುವಂತಿಲ್ಲ, ಆರು ತಿಂಗಳಿಗೆ ಒಂದೇ ಸಲ ಎಂಬ ಷರತ್ತುಗಳಿದ್ದವು. ಪುನಃ ಪುನಃ ಬರುವವರನ್ನು ತಡೆಯಲು ಇಷ್ಟು ನೇರವಾಗಿ ಬರೆದ ನಿಯಮ ಅಪರೂಪ. ಆದರೂ ಅದರ ದುರುಪಯೋಗವಾಯಿತು. ಕೆಲಸ ಕೊಡಿಸುತ್ತೇವೆ, ಅಲ್ಲಿಂದ ಮುಂದಿನ ದೇಶಕ್ಕೆ ದಾಟಿಸುತ್ತೇವೆ ಎಂದು ನಂಬಿಸಿದ ದಲ್ಲಾಳಿಗಳು ಜನರನ್ನು ಕರೆದೊಯ್ದರು. ಇಳಿದವರಲ್ಲಿ ಹಲವರನ್ನು ಅಪಹರಿಸಿ ಒತ್ತೆಹಣ ಕೇಳಿದರು. 2025ರ ನವೆಂಬರ್ 22ರಿಂದ ಇರಾನ್ ಆ ಸೌಲಭ್ಯವನ್ನೇ ಅಮಾನತು ಮಾಡಿತು. ವೀಸಾ ವಿನಾಯಿತಿ ಒಪ್ಪಂದದಿಂದ ಬಂದದ್ದಲ್ಲದಿದ್ದರೆ ಅದನ್ನು ಕೊಟ್ಟವರು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು.

ಥಾಯ್ಲೆಂಡ್‌ನಲ್ಲಿ ಇನ್ನೊಂದು ಬಗೆಯ ಜನ. ಬೆಂಗಳೂರಿನ ಕಂಪನಿಯ ಕೆಲಸವನ್ನು ಲ್ಯಾಪ್‌ಟಾಪ್‌ನಲ್ಲಿ ಹೊತ್ತುಕೊಂಡು ಕಡಲತೀರದಲ್ಲಿ ತಿಂಗಳುಗಟ್ಟಲೆ ಇರಲು ಆಸೆಪಡುವವರಿದ್ದಾರೆ. ಅವಧಿ ಮುಗಿಯುವ ಹಿಂದಿನ ದಿನ ಪಕ್ಕದ ದೇಶಕ್ಕೆ ಕಾಲಿಟ್ಟು, ಠಸ್ಸೆ ಹಾಕಿಸಿಕೊಂಡು ತಿರುಗಿ ಬರುವುದನ್ನು ಅಲ್ಲಿ ‘ವೀಸಾ ರನ್’ ಎನ್ನುತ್ತಾರೆ. ಥಾಯ್ಲೆಂಡ್ 2016ರ ಕೊನೆಯಲ್ಲೇ ಭೂಗಡಿಯಿಂದ ವೀಸಾ ಇಲ್ಲದೆ ಬರುವುದನ್ನು ವರ್ಷಕ್ಕೆ ಎರಡು ಸಲಕ್ಕೆ ಮಿತಿಗೊಳಿಸಿತ್ತು. 2024ರ ಜುಲೈ 15ರಂದು ಭಾರತೀಯರೂ ಸೇರಿ 93 ದೇಶಗಳವರಿಗೆ 60 ದಿನ ಕೊಟ್ಟ ಮೇಲೆ ಈ ಓಡಾಟಕ್ಕೆ ಮತ್ತೆ ರೆಕ್ಕೆ ಬಂತು. 2025ರ ನವೆಂಬರ್‌ನಲ್ಲಿ ವಲಸೆ ಅಧಿಕಾರಿಗಳು ಹಗ್ಗ ಬಿಗಿದರು: ತಕ್ಕ ಕಾರಣವಿಲ್ಲದೆ ಎರಡಕ್ಕಿಂತ ಹೆಚ್ಚು ಸಲ ಹೀಗೆ ಮಾಡಿದವರನ್ನು ಹಿಂದಕ್ಕೆ ಕಳಿಸಬಹುದು. ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಾಟ್, ಗರಿಷ್ಠ 20,000 ಬಾಟ್ ದಂಡ. ನನ್ನ ಅಭಿಪ್ರಾಯದಲ್ಲಿ ಅವರು ಮಾಡಿದ್ದು ಸರಿಯೇ. ವಾಸ ಮಾಡುವವರಿಗೆ ಪ್ರವಾಸಿಯ ರಿಯಾಯಿತಿ ಯಾಕೆ ಬೇಕು?

ಗಡಿ ದಾಟಿ ಬಂದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ ಎಂಬ ನಂಬಿಕೆ ಯುರೋಪಿನ ಷೆಂಗೆನ್ ದೇಶಗಳಲ್ಲಂತೂ ನಡೆಯುವುದೇ ಇಲ್ಲ. ನಮಗೆ ಅಲ್ಲಿ ವೀಸಾ ಬೇಕು, ಅಮೆರಿಕದವರಿಗೆ ಬೇಡ. ದಿನದ ಲೆಕ್ಕ ಮಾತ್ರ ಇಬ್ಬರಿಗೂ ಒಂದೇ: ಯಾವ ದಿನ ನಿಂತು ನೋಡಿದರೂ ಹಿಂದಿನ 180 ದಿನಗಳಲ್ಲಿ 90ಕ್ಕಿಂತ ಹೆಚ್ಚು ದಿನ ಒಳಗಿದ್ದಿರಬಾರದು. ಇಳಿದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಸೇರುತ್ತವೆ. ಬಹು ಪ್ರವೇಶದ ವೀಸಾ ಇಟ್ಟುಕೊಂಡು ಜರ್ಮನಿಯ ಮಗಳ ಮನೆಗೆ ಹೋದ ತಾಯಿ ಜನವರಿ 1ರಿಂದ ಮಾರ್ಚ್ 31ರವರೆಗೆ ಇದ್ದರೆ, 31, 28, 31 ಕೂಡಿ ಸರಿಯಾಗಿ 90. ಏಪ್ರಿಲ್‌ನಲ್ಲಿ ಒಂದು ವಾರ ಲಂಡನ್‌ಗೆ ಹೋಗಿ ಬರುತ್ತೇನೆ ಎಂದರೆ ಬಾಗಿಲು ತೆರೆಯುವುದಿಲ್ಲ. ಜನವರಿ 1 ಹಿಂದಿನ 180 ದಿನಗಳ ಆಚೆ ಬೀಳುವುದು ಜೂನ್ 30ಕ್ಕೆ. ಅವರು ಮತ್ತೆ ಕಾಲಿಡಬಹುದಾದ ಮೊದಲ ದಿನ ಅದೇ. ಮೊದಲು ಅಧಿಕಾರಿ ಠಸ್ಸೆಗಳನ್ನು ತಿರುವಿ ಹಾಕಿ ಎಣಿಸಬೇಕಿತ್ತು. 2025ರ ಅಕ್ಟೋಬರ್ 12ರಿಂದ ಬೆರಳಚ್ಚು, ಮುಖಚಿತ್ರ ಪಡೆದು ಗಣಕವೇ ಎಣಿಸುವ ವ್ಯವಸ್ಥೆ ಆರಂಭವಾಗಿದೆ.

ನಮ್ಮ ದೇಶವೂ ಒಮ್ಮೆ ಇದೇ ಪಟ್ಟು ಹಾಕಿತ್ತು. ಮುಂಬೈ ದಾಳಿಗೆ ಜಾಗ ಗುರುತಿಸಲು ಡೇವಿಡ್ ಹೆಡ್ಲಿ ಹಲವು ಸಲ ಬಂದು ಹೋಗಿದ್ದ ಸಂಗತಿ 2009ರಲ್ಲಿ ಹೊರಬಿದ್ದ ಮೇಲೆ, ಪ್ರವಾಸಿ ವೀಸಾದವರು ಎರಡು ಭೇಟಿಗಳ ನಡುವೆ ಎರಡು ತಿಂಗಳು ಹೊರಗಿರಬೇಕು ಎಂಬ ನಿಯಮ ಬಂತು. ಮೈಸೂರಿನ ಗೋಕುಲಂಗೆ ಯೋಗ ಕಲಿಯಲು ಬಂದವರಂಥ ದೀರ್ಘಕಾಲದ ಪ್ರವಾಸಿಗಳಿಗೆ, ಮಧ್ಯೆ ಶ್ರೀಲಂಕಾ ನೋಡಿ ಬರೋಣ ಅನ್ನುವುದೂ ತೊಡಕಾಗುವಂಥ ನಿಯಮ ಅದು. 2012ರ ಕೊನೆಗೆ ಕೆಲವೇ ದೇಶಗಳವರನ್ನು ಬಿಟ್ಟು ಉಳಿದವರಿಗೆ ಅದನ್ನು ಕೈಬಿಟ್ಟರು.

ಅಮೆರಿಕದಲ್ಲಿ ಹುಟ್ಟಿದ ಮೊಮ್ಮಕ್ಕಳು ಅಜ್ಜಿ ಮನೆಯಲ್ಲಿ ವರ್ಷಗಟ್ಟಲೆ ಇರಬೇಕೆಂದರೆ ದಾರಿ ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡು. ಎಷ್ಟು ಸಲ ಬೇಕಾದರೂ ಬರಬಹುದು, ಎಷ್ಟು ದಿನ ಬೇಕಾದರೂ ಇರಬಹುದು, ವಿದೇಶಿಯರ ನೋಂದಣಿಗೆ ಅಲೆಯಬೇಕಿಲ್ಲ. 2015ರ ಜನವರಿ 9ರಂದು ಹಳೆಯ ಪಿಐಓ ಕಾರ್ಡನ್ನೂ ಇದರೊಳಗೆ ಸೇರಿಸಿದರು. ಮತ ಹಾಕುವಂತಿಲ್ಲ, ಗುಬ್ಬಿ ಕಡೆ ತೆಂಗಿನ ತೋಟ ಕೊಳ್ಳುವಂತೆಯೂ ಇಲ್ಲ. ಚಿಕ್ಕಂದಿನಲ್ಲಿ ಕಾರ್ಡು ಮಾಡಿಸಿದ್ದರೆ, 20 ವರ್ಷ ತುಂಬಿದ ಮೇಲೆ ಹೊಸ ಪಾಸ್‌ಪೋರ್ಟ್ ಪಡೆದಾಗ ಒಮ್ಮೆ ಅದನ್ನು ಹೊಸದು ಮಾಡಿಸಬೇಕು ಎಂಬುದನ್ನು ಮನೆಯವರು ಮರೆಯಬಾರದು.

ಹೊರಡುವವರಿಗೆ ಇಷ್ಟು ಹೇಳಬೇಕು. ಏಜೆಂಟರ ಮಾತನ್ನೂ ವಾಟ್ಸ್ಆ್ಯಪ್ ಸುದ್ದಿಯನ್ನೂ ಬದಿಗಿಟ್ಟು, ಟಿಕೆಟ್ ಮಾಡಿಸುವ ವಾರವೇ ಆ ದೇಶದ ರಾಯಭಾರ ಕಚೇರಿಯ ಜಾಲತಾಣ ನೋಡಿ. ಹಿಂದಿರುಗುವ ಟಿಕೆಟ್, ಉಳಿಯುವ ಜಾಗದ ಚೀಟಿ ಕೈಯಲ್ಲಿರಲಿ. ಇಳಿದ ಮೇಲೆ ಠಸ್ಸೆ ಹಾಕಿಕೊಟ್ಟರೆ ಅದರಲ್ಲಿ ಬರೆದ ಕೊನೆಯ ದಿನಾಂಕವನ್ನು ಕೌಂಟರ್ ಬಿಡುವ ಮೊದಲೇ ಓದಿಕೊಳ್ಳಿ. ತಪ್ಪಿದ್ದರೆ ಅಲ್ಲೇ ಸರಿಮಾಡಿಸಿ.